ನಡುಮನೆಯ ಸಂಪ್

ಭಾನುವಾರ ಬೆಳಗ್ಗೆ ರಂಜಿತ ಗೇಟು ತೆಗೆದಾಗ, ಹೆಗಲ ಮೇಲೆ ಪಿವಿಸಿ ಪೈಪು ಹೊತ್ತ ಯುವಕನೊಬ್ಬ ನಗುತ್ತಾ ನಿಂತಿದ್ದ.

"ಪ್ಲಂಬರ್‌ನ ನಾವ್ ಕರೆದಿಲ್ವಲ್ಲ?"

"ಕರೆದಿದ್ದೀರಿ ಮೇಡಂ. 'ಅಷ್ಟು ಗೊತ್ತಿದ್ರೆ ನೀವೇ ಬಂದು ಕಟ್ಟಿಕೊಡಿ' ಅಂತ ಬರೆದು, ಲೊಕೇಶನ್ ಬೇರೆ ಕಳಿಸಿದ್ರಿ. ನಾನು ಮುನೀಂದ್ರ."

ರಂಜಿತಳ ಕಿವಿ ಬಿಸಿಯಾಯಿತು.

ವಿಮಾನ ನಿಲ್ದಾಣದ ಕಾರ್ಗೋ ವಿಭಾಗದಲ್ಲಿ ಅವಳ ಕೆಲಸ. ಅಲ್ಲಿಗೆ ಪೆಟ್ಟಿಗೆಗಳಲ್ಲಿ ಬರುವ ಬಣ್ಣದ ಮೀನುಗಳನ್ನು ನೋಡಿ ನೋಡಿ ಹುಚ್ಚು ಹತ್ತಿ, ದೇವನಹಳ್ಳಿಯ ಮನೆಯ ನಡುಮನೆಯಲ್ಲೇ ಪುಟ್ಟ ಕಡಲು ಮಾಡಿಕೊಂಡಿದ್ದಳು. ಗಾಜಿನ ಟ್ಯಾಂಕು, ಉಪ್ಪುನೀರು, ಒಂದು ಜೋಡಿ ಕಿತ್ತಳೆ ಮೀನು, ಒಂದಷ್ಟು ಜೀವಂತ ಹವಳ. ಈಚೆಗೆ ನೀರು ಕೆಟ್ಟು ಹವಳಗಳು ಮುದುಡತೊಡಗಿದ್ದವು. ಟ್ಯಾಂಕಿನ ಕೆಳಗೊಂದು ಗಾಜಿನ ಸಂಪ್ ಇಟ್ಟರೆ ನೀರು ಅದಕ್ಕಿಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಅದರ ನಕ್ಷೆ ಬರೆದು ಮೀನು ಸಾಕುವವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇ ತಡ, ಹೊಸಕೋಟೆಯ ಈ ಮುನೀಂದ್ರ, "ಕರೆಂಟ್ ಹೋದ್ರೆ ಮೇಲಿನ ನೀರೆಲ್ಲ ಕೆಳಗಿಳಿದು ನಿಮ್ಮನೆ ಕೆರೆ ಆಗತ್ತೆ" ಎಂದು ಬರೆದಿದ್ದ. ಜಗಳ ಶುರುವಾಗಿದ್ದು ಹಾಗೆ.

ಅಡುಗೆಮನೆಯಿಂದ ಅಮ್ಮ ಅನುಸೂಯಮ್ಮ ಇಣುಕಿದರು. "ಸಂಪ್ ಅಂಗಳದಲ್ಲೈತಲ್ಲಾ, ನಡುಮನೇಲಿ ಇನ್ನೊಂದ್ಯಾಕಪ್ಪಾ?"

"ಇದು ಮೀನಿನ ಸಂಪು ಅಮ್ಮ," ಎಂದ ಮುನೀಂದ್ರ ವಿನಯದಿಂದ.

"ಯಾವ್ದಾದ್ರೂ ಆಗ್ಲಿ. ಹೋದ್ಸಲ ನೀರು ಚೆಲ್ಲಿ ಬಾಗ್ಲೆಲ್ಲಾ ಉಬ್ಕೊಂಡೈತೆ. ಇನ್ನೊಂದ್ಸಲ ನೆಲ ನೆಂದ್ರೆ ಟ್ಯಾಂಕು ಮನೇಲಿರಲ್ಲ, ಹೇಳಿದ್ದೀನಿ."

ಅಮ್ಮ ಹೇಳಿದರೆ ಮಾಡುವವರೇ. ರಂಜಿತ ಎದೆಯಲ್ಲಿ ಅಳುಕಿಟ್ಟುಕೊಂಡೇ ಕೆಲಸಕ್ಕೆ ಕೂತಳು.

ಅವಳು ಮೊದಲೇ ತಂದಿಟ್ಟಿದ್ದ ಗಾಜಿನ ಸಂಪನ್ನು ಕೂರಿಸಲು ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ಇಬ್ಬರ ತಲೆಯೂ ಒಟ್ಟಿಗೆ ತೂರಬೇಕಿತ್ತು. ಅವನು ಪೈಪು ಕೊಯ್ದುಕೊಟ್ಟ, ಅವಳು ಗಮ್ ಹಚ್ಚಿ ಕೂರಿಸಿದಳು. ನೀರು ಮೇಲೇರುವ ಪೈಪಿನ ತುದಿಯ ಬಳಿ ಅವಳೊಂದು ಚಿಕ್ಕ ತೂತನ್ನೂ ಕೊರೆದಳು. ಅವನ ಮುಂಗುರುಳಿಗೆ ಪೈಪಿನ ಬಿಳಿ ಪುಡಿ ಮೆತ್ತಿತ್ತು. ಒರೆಸಲು ಎತ್ತಿದ ಕೈಯನ್ನು ಅವಳು ಅರ್ಧದಲ್ಲೇ ಇಳಿಸಿದಳು. ಅವನು ನೋಡಿಬಿಟ್ಟ.

"ಏನು?"

"ಏನಿಲ್ಲ. ಆ ಮೊಣಕೈ ಪೈಪ್ ಕೊಡಿ."

"ಕೊಡ್ತೀನಿ. ನನ್ನ ತಲೆ ಮೇಲಿಲ್ವಲ್ಲ ಅದು!"

ಕೊಳೆ ಸೋಸುವ ಬಟ್ಟೆಯ ಚೀಲ ಕಂಡು ಅನುಸೂಯಮ್ಮ, "ಇದ್ಯಾರ ಕಾಲ್ಚೀಲ ತಂದು ನೀರಿಗಿಡ್ತಿದ್ದೀರಾ?" ಎಂದಾಗ ಇಬ್ಬರೂ ನಕ್ಕು ನಕ್ಕು ಸಾಕಾದರು.

ಗಮ್ ಒಣಗಿದ ಮೇಲೆ ಉಪ್ಪುನೀರು ತುಂಬಿ ಪಂಪು ಹಾಕಿದರು. ನೀರು ಝುಳುಝುಳು ಇಳಿಯಿತು, ಸಂಪಿನ ಒಂದೊಂದೇ ಗಾಜಿನ ಅಡ್ಡಗೋಡೆ ದಾಟಿತು, ಮತ್ತೆ ಮೇಲೇರಿತು. ರಂಜಿತ ಚಪ್ಪಾಳೆ ತಟ್ಟಿದಳು.

"ಈಗ ಪರೀಕ್ಷೆ," ಎಂದ ಮುನೀಂದ್ರ. "ಸ್ವಿಚ್ ಆಫ್ ಮಾಡಿ."

ಆಫ್ ಮಾಡಿದಳು. ಪಂಪು ನಿಂತಿತು. ಮೇಲಿನ ನೀರು ಪೈಪಿನಲ್ಲಿ ಹಿಮ್ಮುಖವಾಗಿ ಸುರಿಯತೊಡಗಿತು. ಸಂಪಿನ ನೀರು ಏರಿತು. ಇನ್ನೂ ಏರಿತು. ಅಡುಗೆಮನೆಯ ಸದ್ದು ನಿಂತು ಅನುಸೂಯಮ್ಮ ಬಾಗಿಲಿಗೆ ಬಂದರು. ರಂಜಿತ ಅವನ ಮುಂಗೈ ಹಿಡಿದದ್ದು ಅವಳಿಗೇ ಗೊತ್ತಾಗಲಿಲ್ಲ. ನೀರು ಅಂಚಿನ ಹತ್ತಿರ ಬಂತು.

ಅಷ್ಟರಲ್ಲಿ ಟ್ಯಾಂಕಿನ ನೀರು ಅವಳು ಕೊರೆದಿದ್ದ ಚಿಕ್ಕ ತೂತಿಗಿಂತ ಕೆಳಗಿಳಿದು, ಪೈಪು ಅದರ ಮೂಲಕ 'ಗೊರ್‍' ಎಂದು ಗಾಳಿ ಎಳೆದುಕೊಂಡಿತು. ಧಾರೆ ಕಡಿಯಿತು. ನೀರು ಅಲ್ಲೇ ನಿಂತಿತು, ಅಂಚಿಗೆ ಎರಡು ಬೆರಳು ಬಾಕಿ.

"ಒಂದು ಹನಿ ಇಲ್ಲ!" ರಂಜಿತ ಕುಣಿದೇಬಿಟ್ಟಳು. ಅನುಸೂಯಮ್ಮ ನೆಲ ಮುಟ್ಟಿ ನೋಡಿ, ಸಾರು ಕದಡಲು ಹೋದರು.

"ನೋಡಿದ್ರಾ? ತೂತು ನನ್ನ ಡ್ರಾಯಿಂಗ್‌ನಲ್ಲೇ ಇತ್ತು. ತಪ್ಪಾಯ್ತು ಅಂತ ಗ್ರೂಪಲ್ಲಿ ಬರೀರಿ."

"ಮೊದಲ ದಿನಾನೇ ನೋಡಿದ್ದೆ."

"ಮತ್ತೆ ಕೆರೆ ಆಗತ್ತೆ ಅಂದ್ರಿ?"

ಅವನು ಪಂಪಿನ ವೈರನ್ನು ಸುಮ್ಮನೆ ಬೆರಳಿಗೆ ಸುತ್ತಿದ. "ನಿಮ್ಮ ಹವಳದ ಪ್ರತಿ ಫೋಟೋಗೂ ಚೆನ್ನಾಗಿದೆ ಅಂತ ಹಾಕ್ತಿದ್ದೆ. ನೀವು ಒಂದಕ್ಕೂ ರಿಪ್ಲೈ ಮಾಡ್ಲಿಲ್ಲ. ತಪ್ಪು ಅಂದೆ ನೋಡಿ, ಪುಟಗಟ್ಲೆ ಬಂತು. ಜಗಳನಾದ್ರೂ ಸರಿ, ನೀವು ಮಾತಾಡಿದ್ರೆ ಸಾಕಿತ್ತು."

ಬೈಯಬೇಕೆಂದು ಬಾಯಿ ತೆರೆದಳು, ನಗು ಬಂತು. ತಾನೂ ಕೆಲವು ದಿನಗಳಿಂದ ಫೋನು ಸದ್ದಾದರೆ ಮೊದಲು ಅವನ ಹೆಸರನ್ನೇ ಹುಡುಕುತ್ತಿದ್ದುದು ನೆನಪಾಯಿತು.

"ಬೈಯೋಕಾದ್ರೆ ಅಲ್ಲೇ ಬೈತಿದ್ದೆ," ಎಂದಳು ಮೆಲ್ಲಗೆ. "ಲೊಕೇಶನ್ ಯಾಕೆ ಕಳಿಸಿದೆ ಅಂದ್ಕೊಂಡ್ರಿ?"

ಅವನ ಕಣ್ಣು ಅರಳಿತು.

"ಮುಂದಿನ ಭಾನುವಾರ ಹೊಸಕೋಟೆಗೆ ಬನ್ನಿ," ಎಂದ ಮುನೀಂದ್ರ. "ನನ್ನ ಟ್ಯಾಂಕ್ ನೋಡಿ. ಅಮ್ಮನ್ನೂ ಕರ್ಕೊಂಡ್ ಬನ್ನಿ."

"ಟ್ಯಾಂಕ್ ನೋಡೋಕೆ ಅಮ್ಮ ಯಾಕೆ?"

"ನಮ್ಮಮ್ಮನೂ ಇರ್ತಾರೆ, ಅದಕ್ಕೆ."

ಅಡುಗೆಮನೆಯಲ್ಲಿ ಸೌಟಿನ ಸದ್ದು ಥಟ್ಟನೆ ನಿಂತಿತು. ರಂಜಿತ ಅತ್ತ ನೋಡಿದಳು, ಇತ್ತ ನೋಡಿದಳು. ಕೆನ್ನೆಯ ಬಿಸಿ ಅಂಗೈಗೆ ತಾಕುತ್ತಿತ್ತು.

"ಬರ್ತೀವಿ," ಎಂದಳು.

"ತಟ್ಟೆ ಹಾಕಿದ್ದೀನಿ," ಒಳಗಿನಿಂದ ಅನುಸೂಯಮ್ಮ ಕೂಗಿದರು. "ಆ ಹುಡುಗನ್ನೂ ಕರಿ. ಯಾವ ಊರು, ಯಾರ ಮನೆ ಕಡೆಯೋರು ಅಂತ ಮುದ್ದೆ ಮುರೀತಾ ಹೇಳಲಿ!"