ಸಿಪ್ಪೆ ತಿನ್ನದ ರಾಜ ಮತ್ತು ಪ್ಲಮ್ ಗುಡ್ಡದ ಪುಟ್ಟೀರಿ

ಬಹಳ ಹಿಂದೆ, ನಿಮ್ಮ ಮುತ್ತಜ್ಜನ ಮುತ್ತಜ್ಜ ಹುಟ್ಟುವುದಕ್ಕೂ ಮೊದಲು, ಮಂಜಿನ ಗುಡ್ಡಗಳ ನಡುವೆ ಸಿಂಗಾರದುರ್ಗ ಎಂಬ ರಾಜ್ಯವಿತ್ತು. ಅಲ್ಲಿನ ರಾಜ ದಂಡಕೇತುವಿಗೆ ಹದಿನೆಂಟು ದಿನಗಳಿಂದ ಮಲಬದ್ಧತೆ.

ನಗಬೇಡಿ. ಆ ರಾಜ್ಯದಲ್ಲೊಂದು ಕಟ್ಟಳೆಯಿತ್ತು: ಬೆಳಗಿನ ಶೌಚ ಮುಗಿಸದೆ ರಾಜ ಸಿಂಹಾಸನ ಏರುವಂತಿಲ್ಲ. ಹಾಗಾಗಿ ಹದಿನೆಂಟು ದಿನಗಳಿಂದ ನ್ಯಾಯವಿಲ್ಲ, ತೀರ್ಪಿಲ್ಲ. ಇಡೀ ನಾಡು ಒಬ್ಬನ ಹೊಟ್ಟೆ ಸಡಿಲವಾಗಲಿ ಎಂದು ಕಾಯುತ್ತಿತ್ತು.

ಯಾಕೆ ಹೀಗಾಯಿತು? ಅರಮನೆಯವರ ಬುದ್ಧಿಯಿಂದ! ಅಲ್ಲಿ ನಲವತ್ತು ಜನ ಸಿಪ್ಪೆ ಸುಲಿಯುವವರಿದ್ದರು. ಅಕ್ಕಿಯನ್ನು ಮುತ್ತಿನಂತೆ ಬೆಳ್ಳಗಾಗುವವರೆಗೆ ತಿಕ್ಕುವರು. ಹಿಟ್ಟನ್ನು ರೇಷ್ಮೆ ಬಟ್ಟೆಯಲ್ಲಿ ಜರಡಿ ಹಿಡಿಯುವರು. ಹಣ್ಣನ್ನು ಸುಲಿದು, ಹಿಂಡಿ, ಸೋಸುವರು. ತವುಡು ದನಕ್ಕೆ, ಸಿಪ್ಪೆ ಬಡವರಿಗೆ, ಬೆಳ್ಳಗಿನದೆಲ್ಲ ಒಡೆಯನಿಗೆ. ದನದ ಹೊಟ್ಟೆ ಸರಿಯಿತ್ತು. ಬಡವರ ಹೊಟ್ಟೆಯೂ, ಊಟ ಸಿಕ್ಕ ದಿನ, ಸರಿಯಿತ್ತು. ಒಡೆಯನ ಹೊಟ್ಟೆ ಮಾತ್ರ ಕಲ್ಲಾಗಿತ್ತು.

ಇದರಿಂದ ಕೊಬ್ಬಿದವನು ಆಸ್ಥಾನದ ಮಾಂತ್ರಿಕ ಭಸ್ಮಕೇಶ. ರಾಜ ಒಮ್ಮೆ ನರಳಿದರೆ ಅವನು ಒಂದು ಬೆರಳಿನಷ್ಟು ಎತ್ತರ ಬೆಳೆಯುತ್ತಿದ್ದ. ಆಗಲೇ ಅರಮನೆಯ ಹೆಬ್ಬಾಗಿಲಲ್ಲಿ ಬಗ್ಗಿ ನಡೆಯುವಷ್ಟು ಬೆಳೆದಿದ್ದ. ದಿನಕ್ಕೊಂದು ಚಿಟಿಕೆ ಬೂದಿ ಕೊಟ್ಟು, "ನಾಳೆ ಖಂಡಿತ ಆಗುತ್ತದೆ ಪ್ರಭು" ಎನ್ನುವನು. ಇಂಥವರಿಗೆ ಯಾವ ಕಾಲದಲ್ಲೂ ಪೀಠಕ್ಕೆ ಬರವಿಲ್ಲ.

ಹಣ್ಣು ಮಾರುವ ಕೆಂಪಾಜಮ್ಮ ಒಂದು ದಿನ ಅರಮನೆಯ ಮುಂದೆ ನಿಂತು, "ಬುದ್ಧಿಯೋರಿಗೆ ದಿನಾ ನಾಲ್ಕು ಪ್ಲಮ್ ಹಣ್ಣು ಕೊಡ್ರಪ್ಪ, ಸರಿಹೋಗ್ತದೆ" ಎಂದಳು. ಅಷ್ಟೇ ಅಂದದ್ದು.

"ರಕ್ತದ ಬಣ್ಣದ ಹಣ್ಣು! ವಿಷ!" ಎಂದು ಭಸ್ಮಕೇಶ ಅರಚಿದ. ಅವಳ ಬುಟ್ಟಿಯನ್ನು ತುಳಿದ. ಅವಳನ್ನು ಸೆರೆಗೆ ತಳ್ಳಿದ. ಅವಳು ಹಣ್ಣು ಕೀಳುತ್ತಿದ್ದ ಪ್ಲಮ್ ಗುಡ್ಡಕ್ಕೆ ತನ್ನ ಮೂರು ಮಾಯಾಮೃಗಗಳ ಕಾವಲು ಹಾಕಿದ. ಮೂರನೆಯ ದಿನ ಸೂರ್ಯ ಹುಟ್ಟುವುದರೊಳಗೆ ರಾಜ ಬಿಡುಗಡೆಯ ತೀರ್ಪು ಕೊಡದಿದ್ದರೆ ಅವಳನ್ನು ಕಪ್ಪೆ ಮಾಡುವೆನೆಂದು ಸಾರಿದ.

ಕೆಂಪಾಜಮ್ಮನ ಮಗಳು ಪುಟ್ಟೀರಿ ಅಳಲಿಲ್ಲ. ಬುಟ್ಟಿ ಎತ್ತಿಕೊಂಡು ಗುಡ್ಡ ಹತ್ತಿದಳು.

ಗುಡ್ಡದ ಬುಡದಲ್ಲಿ ಕಲ್ಲಿನ ಕರಡಿ ಅಡ್ಡ ನಿಂತಿತು. "ಹಣ್ಣು ಕಿತ್ತರೆ ನುಂಗುತ್ತೇನೆ. ಆ ಹಣ್ಣಿಂದ ನನಗೇನು ಲಾಭ, ಹೇಳು."

"ನಿನ್ನ ಮಂಡಿ ಕಿರಗುಟ್ತಾ ಇದೆ ಕರಡಿಯಣ್ಣ. ಒಣಗಿಸಿದ ಪ್ಲಮ್ ದಿನಾ ತಿಂದರೆ ಮೂಳೆಗೆ ಒಳ್ಳೇದು. ನಾಳೆಗೇ ಕುಣೀತೀಯ ಅಂತ ಮಾತ್ರ ನಾನು ಹೇಳಲ್ಲ. ತಿಂಗಳುಗಟ್ಟಲೆ ತಿನ್ನಬೇಕು."

ಕರಡಿ ಬೆರಗಾಯಿತು. "ಮಾಂತ್ರಿಕ ನಾಳೆ, ನಾಳೆ ಅಂತಲೇ ನೂರು ವರ್ಷ ಕಳೆದ. ಹೋಗು ತಾಯಿ."

ನಡುಗುಡ್ಡದಲ್ಲಿ ರೆಕ್ಕೆಯ ಹಾವು ಹೆಡೆಯೆತ್ತಿತು. ಮಿಠಾಯಿ ತಿಂದು ತಿಂದು ಅದು ಒರಳಿನಂತಾಗಿತ್ತು, ಹಾರುವುದನ್ನೇ ಬಿಟ್ಟಿತ್ತು. "ಆ ಹಣ್ಣಿಂದ ನನಗೇನು ಲಾಭ?"

"ಸಿಹಿ ಬೇಕು ಅಂದ್ರೆ ಇದನ್ನ ತಿನ್ನು. ಸಿಹಿಯೂ ಇದೆ, ಹುಳಿಯೂ ಇದೆ, ಹೆಚ್ಚಿನಂಶ ನೀರೇ. ನಾರು ಇರೋದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರ್ತದೆ. ಮಿಠಾಯಿ ಹಾಗಲ್ಲ, ನುಗ್ಗಿ ಬರ್ತದೆ."

ಈಗಿನವರು ಈ ಹಣ್ಣಿನಲ್ಲಿ ಸಿ ಜೀವಸತ್ವ, ಕೆ ಜೀವಸತ್ವ, ಪೊಟ್ಯಾಸಿಯಂ ಎಂದೆಲ್ಲ ಪಟ್ಟಿ ಓದುತ್ತಾರೆ. ಪುಟ್ಟೀರಿಗೆ ಹೆಸರುಗಳು ಗೊತ್ತಿರಲಿಲ್ಲ, ಹಣ್ಣು ಗೊತ್ತಿತ್ತು. ಹಾವು ಪಕ್ಕಕ್ಕೆ ಸರಿಯಿತು.

ತುದಿಯಲ್ಲಿ ಬೆಂಕಿಗಣ್ಣಿನ ಹುಲಿ. "ನಾನು ಮಾಂಸ ತಿನ್ನೋನು. ಆ ಹಣ್ಣಿಂದ ನನಗೇನು ಲಾಭ?" ಎಂದು ಗರ್ಜಿಸಿತು. ಆಮೇಲೆ ಸುತ್ತ ನೋಡಿ, ಮೆಲ್ಲಗೆ, "ಒಂಬತ್ತು ದಿನ ಆಯ್ತು ಕಣಮ್ಮ" ಎಂದಿತು.

"ಅಯ್ಯೋ ಶಿವನೇ! ನಾಲ್ಕು ತಿನ್ನು. ನಾಲ್ಕೇ ನಾಲ್ಕು."

ಹುಲಿ ನಲವತ್ತು ತಿಂದಿತು. ಅದು ಪೊದೆಯ ಹಿಂದಿನಿಂದ ಸಂಜೆಯಾದರೂ ಬರಲಿಲ್ಲ. ಪುಟ್ಟೀರಿ ಬುಟ್ಟಿ ತುಂಬಿಕೊಂಡು ಇಳಿದಳು.

ಎರಡನೆಯ ದಿನ ಬೆಳಗ್ಗೆ ಅರ್ಧ ಬುಟ್ಟಿಯನ್ನು ಅರಮನೆಗೆ ಕೊಟ್ಟಳು. "ವಿಷವಿದ್ದರೆ ಸೋಸಿ ತೆಗೆಯುತ್ತೇವೆ" ಎಂದು ನಲವತ್ತು ಜನರೂ ಕೈತೊಳೆದು ಕೂತರು. ಸುಲಿದರು, ಹಿಂಡಿದರು, ಏಳು ಸಲ ಸೋಸಿದರು. ರಾಜ ಚಿನ್ನದ ಬಟ್ಟಲಲ್ಲಿ ಬಣ್ಣದ ನೀರು ಕುಡಿದ. ಏನೂ ಆಗಲಿಲ್ಲ. ರಾಜ ನರಳಿದ, ಮಾಂತ್ರಿಕ ಮತ್ತೊಂದು ಬೆರಳು ಬೆಳೆದ.

"ಕಂಡಿರಾ? ಹಣ್ಣಲ್ಲಿ ಏನೂ ಇಲ್ಲ!" ಎಂದು ನಕ್ಕ.

ಪುಟ್ಟೀರಿಗೆ ಮೈಯೆಲ್ಲ ಉರಿಯಿತು. ಸಿಪ್ಪೆ ಸುಲಿಯುವವರು ರಾಜನ ಹಿಂದೆ ಹೋಗದ ಜಾಗ ಅರಮನೆಯಲ್ಲಿ ಒಂದೇ ಇತ್ತು. ಅವಳು ನೇರ ಅದರ ಕಿಟಕಿಯ ಕೆಳಗೆ ಹೋಗಿ ನಿಂತಳು.

"ಬುದ್ಧೀ, ಒಳಗಿದ್ದೀರಾ?"

"ಆ ಬಣ್ಣದ ನೀರು ಕುಡಿದಾಗಿನಿಂದ ಇಲ್ಲೇ ಇದ್ದೇನೆ" ಎಂದ ರಾಜ.

"ಬಾಯಲ್ಲಿ ಹಲ್ಲಿದಾವಾ?"

"ಮೂವತ್ತೆರಡೂ ಇವೆ. ಕೆಲಸವಿಲ್ಲ."

"ಈಗ ಇದೆ, ಹಿಡೀರಿ. ಸಿಪ್ಪೆ ಸಮೇತ ಕಚ್ಚಿ ತಿನ್ನಿ, ಬೀಜ ಉಗೀರಿ. ಈಗ ನಾಲ್ಕು, ರಾತ್ರಿ ಊಟಕ್ಕೆ ಮುಂಚೆ ನಾಲ್ಕು. ಒಂದು ಚೊಂಬು ನೀರು ಕುಡೀರಿ. ನಿಮ್ಮ ಹೊಟ್ಟೆ ಕಟ್ಟಿಕೊಂಡಿದ್ದಕ್ಕೆ ನಮ್ಮವ್ವ ಸೆರೇಲಿದ್ದಾಳೆ!"

ರಾಜನೊಡನೆ ಹಾಗೆ ಯಾರೂ ಮಾತಾಡಿರಲಿಲ್ಲ. ಅವನು ಹುಟ್ಟಿದ ಮೇಲೆ ಮೊದಲ ಸಲ ಒಂದು ಹಣ್ಣನ್ನು ಕಚ್ಚಿದ. ರಸ ಗಡ್ಡದಿಂದ ಇಳಿದು ರೇಷ್ಮೆ ಅಂಗಿ ಕೆಂಪಾಯಿತು. "ಅರೆ!" ಎಂದ. "ಇದಕ್ಕೆ ರುಚಿ ಇದೆಯಲ್ಲ!"

ಮೂರನೆಯ ದಿನ. ಸೂರ್ಯ ಹುಟ್ಟಿದ. ಸೆರೆಮನೆಯ ಅಂಗಳದಲ್ಲಿ ಭಸ್ಮಕೇಶ ಮಂತ್ರದಂಡ ಎತ್ತಿದ. ಕೆಂಪಾಜಮ್ಮನ ಪಾದ ಆಗಲೇ ಹಸಿರಾಗಿತ್ತು. ಆಗ ಅರಮನೆಯ ಕಡೆಯಿಂದ ಒಂದು ಸದ್ದು ಬಂತು. ಅದು ಗುಡುಗಲ್ಲ, ನಗಾರಿಯೂ ಅಲ್ಲ. ಅದರ ಹಿಂದೆಯೇ ರಾಜನ ದೊಡ್ಡ ನಿಟ್ಟುಸಿರು ಕೇಳಿಸಿತು.

ಆ ನಿಟ್ಟುಸಿರಿಗೆ ಭಸ್ಮಕೇಶ ಸರ್ರನೆ ಕುಗ್ಗಿದ. ಮರದಷ್ಟಿದ್ದವನು ಮನುಷ್ಯನಷ್ಟಾದ, ಮನುಷ್ಯನಷ್ಟಿದ್ದವನು ಬೆಕ್ಕಿನಷ್ಟಾದ. ಕೊನೆಗೆ ಅವನ ಪೇಟ ಮಾತ್ರ ನೆಲದ ಮೇಲಿತ್ತು. ಕೆಂಪಾಜಮ್ಮ ಅದನ್ನೆತ್ತಿ ನೋಡಿದರೆ ಅಡಿಯಲ್ಲಿ ಒಂದು ಇರುವೆ, "ನಾಳೆ, ನಾಳೆ" ಎನ್ನುತ್ತ ಗೋಡೆಯ ಬಿರುಕಿನೊಳಗೆ ಓಡಿತು.

ರಾಜ ಹಗುರಾಗಿ ಬಂದು ಸಿಂಹಾಸನದಲ್ಲಿ ಕೂತ. ಮೊದಲ ತೀರ್ಪೇ ಕೆಂಪಾಜಮ್ಮನ ಬಿಡುಗಡೆ. ಅವಳ ಪಾದದ ಹಸಿರು ಅಲ್ಲೇ ಇಳಿಯಿತು. ನಲವತ್ತು ಜನರ ಕೈಗೆ ರಾಜ ಗುದ್ದಲಿ ಕೊಟ್ಟು ದಾರಿಯುದ್ದಕ್ಕೂ ಪ್ಲಮ್ ಗಿಡ ನೆಡಿಸಿದ. ಪುಟ್ಟೀರಿಗೆ, "ಇನ್ನು ನೀನೇ ರಾಜವೈದ್ಯೆ" ಎಂದ.

"ಬೇಡ ಬುದ್ಧೀ. ಇದು ಹಣ್ಣು, ಅಮೃತ ಅಲ್ಲ. ಜ್ವರ ಬಂದ್ರೆ ವೈದ್ಯರನ್ನ ಕರೆಸಿ, ನನ್ನ ಕರೀಬೇಡಿ" ಎಂದು ಅವಳು ಅವ್ವನ ಕೈ ಹಿಡಿದು ಮನೆಗೆ ನಡೆದಳು.

ಅಂದಿನಿಂದ ಸಿಂಗಾರದುರ್ಗದಲ್ಲಿ ನ್ಯಾಯ ಹೊತ್ತಿಗೆ ಸರಿಯಾಗಿ ಸಿಕ್ಕಿತು, ಹಣ್ಣು ಎಲ್ಲರ ಕೈಗೂ ಎಟುಕಿತು. ಒಡೆಯನಿಂದ ಒಕ್ಕಲಿನವರೆಗೆ ಎಲ್ಲರೂ ಬೆಳಗಿನ ಹೊತ್ತು ನಗುಮುಖದಲ್ಲಿ ಹೊರಬಂದು ಸುಖವಾಗಿ ಬಾಳಿದರು.