ಪುಲ್ಲಿಯ ಮೇಲಿನ ಬಿಳಿ ಗೆರೆ

ಎಂಜಿನ್ ಬಿಚ್ಚಿದರು. ಮೂರನೆಯ ಪಿಸ್ಟನ್ನಿನ ನೆತ್ತಿಯಲ್ಲಿ ಬೆರಳು ತೂರುವಷ್ಟು ತೂತು.

ಬೈಪಾಸಿನಲ್ಲಿ ಕಾರು ಗಕ್ಕನೆ ನಿಂತದ್ದು ಇದಕ್ಕೇ. ಹಿಂದಿನಿಂದ ಲಾರಿ ಗುದ್ದಿತು. ಅಮರಗೋಳದ ಹತ್ತಿ ವ್ಯಾಪಾರಿ ಶಂಭುಲಿಂಗ ಅಲ್ಲೇ ಹೋದರು. ಅವರ ಹೆಂಡತಿ ದಾಕ್ಷಾಯಿಣಿ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಆ ತೂತನ್ನು ನೋಡುತ್ತಿದ್ದರು. ಕಣ್ಣಲ್ಲಿ ನೀರಿಲ್ಲ.

ವಿಮೆಯವರ ಪರವಾಗಿ ತನಿಖೆಗೆ ಬಂದವರು ಸುಮಲತಾ. ಅವರ ಸಹಾಯಕ ನಾನು, ಮೈಲಾರಿ. ಬಾಯಿ ಮುಚ್ಚು ಅಂತ ದಿನಾ ಬೈಸಿಕೊಳ್ಳುವವನು. ಇಂಥ ಗಾಡಿಗಳನ್ನು ನೋಡಿ ನೋಡಿ ನನಗೆ ಈಗೀಗ ಏನೂ ಅನ್ನಿಸುವುದೇ ಇಲ್ಲ.

"ಇವನಽ ಕೊಂದಾನ್ರಿ," ದಾಕ್ಷಾಯಿಣಿ ಮೆಕ್ಯಾನಿಕ್ ಫಕೀರೇಶನತ್ತ ಕೈ ಮಾಡಿದರು. "ಸಂಜಿಗೆ ಠಾಣೇಕ್ಕ ಹೋಗಿ ದೂರಿಗೆ ಸಹಿ ಮಾಡತೇನಿ. ಒಳಗ ಹಾಕ್ತಾರ."

ಹಳೆಯ ಟರ್ಬೊ ಕಾರು ಅದು. ಒಳಗೆ ಕಿಡಿ ಯಾವಾಗ ಹಾರಬೇಕೆಂದು ಡಿಸ್ಟ್ರಿಬ್ಯೂಟರನ್ನು ಕೈಯಿಂದ ತಿರುಗಿಸಿ ಹೊಂದಿಸಬೇಕು. ಟರ್ಬೊ ಗಾಳಿ ತುರುಕುವಾಗ ಕಿಡಿ ಮುಂಚೆಯೇ ಹಾರಿತೋ, ಪಿಸ್ಟನ್ ಸುಟ್ಟು ತೂತು. ಕಾರು ನಿಂತ ದಿನ ಮುಂಜಾನೆ ಟೈಮಿಂಗ್ ಹೊಂದಿಸಿದವನು ಇದೇ ಫಕೀರೇಶ.

"ಆಮ್ಯಾಲೆ ಬ್ಯಾರೆ ಯಾರರ ಮುಟ್ಟಿದ್ರೇನು?" ಸುಮಲತಾ ಕೇಳಿದರು.

"ಇಲ್ರಿ. ಸಾವ್ಕಾರ್ರು ಇಲ್ಲಿಂದನಽ ಹೊಂಟ್ರು."

"ಅವರ ತಮ್ಮ ಅಂಬರೀಷ? ಕಾರ್ ಮಾರು ಅಂತ ಜಗಳಾಡಿದ್ನಂತ?"

"ಅವಂಗ ಬಾನೆಟ್ ತಗಿಯಾಕ ಸೈತ ಬರಂಗಿಲ್ರಿ."

"ಹಂಗಾರ ನೀನಽ. ಹೆಂಗ ಹೊಂದಿಸಿದಿ?"

"ಟೈಮಿಂಗ್ ಲೈಟ್ ಬಿಟ್ಟು, ಪುಲ್ಲಿ ಮ್ಯಾಲಿನ ಗುರುತಿಗೆ ಸರಿಯಾಗಿ ಕೂಡಿಸೇನ್ರಿ. ದೇವ್ರಾಣಿ."

"ಗುರುತು ತೋರಸು."

ಅವನು ಸ್ಪ್ಯಾನರಿನಿಂದ ಎಂಜಿನ್ನಿನ ಮುಂದಿನ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ತಿರುಗಿಸಿದ. ಅಂಚಿನ ಮೇಲೆ ಒಂದು ಬಿಳಿ ಗೆರೆ ಬಂದು ನಿಂತಿತು.

"ಇದು ನೀ ಹಾಕಿದ್ದೇನು?"

"ಹೂಂ ರಿ. ಅಂಚಿಗೆ ಕೊರದ ಕಚ್ಚಿನ ಮ್ಯಾಲೆ, ಕಾಣ್ಲಿ ಅಂತ, ಸೀಮೆಸುಣ್ಣ ಹಚ್ಚತೇನಿ. ಹೋದ ಸಲ ಹಚ್ಚಿದ್ದು ಹಂಗಽ ಇತ್ತು, ಅದಕ್ಕಽ ಕೂಡಿಸಿದೆ."

ಸುಮಲತಾ ಅರಿವೆಗೆ ಪೆಟ್ರೋಲ್ ಹಚ್ಚಿ ಒರೆಸಿದರು. ಗೆರೆ ಹೋಯಿತು. ಕೆಳಗೆ ಕಚ್ಚು ಇರಲಿಲ್ಲ. ಇನ್ನಷ್ಟು ಒರೆಸಿದಾಗ, ಅರ್ಧ ಬೆರಳು ಆಚೆ, ಗ್ರೀಸು ತುಂಬಿದ ನಿಜವಾದ ಕಚ್ಚು ಕಂಡಿತು. ಫಕೀರೇಶ ಬಗ್ಗಿ ಅದನ್ನು ಉಗುರಿನಿಂದ ಕೆರೆದು ನೋಡಿದ.

"ತಪ್ಪು ಗೆರಿಗೆ ಹೊಂದಿಸಿದ್ದಕ್ಕ ಕಿಡಿ ಮುಂಚೇನಽ ಹಾರೇತಿ. ಊರಾಗ ಓಡಾಡಿದ್ರ ಗೊತ್ತಾಗ್ತಿರಲಿಲ್ಲ," ಸುಮಲತಾ ಅಂದರು. "ಬೈಪಾಸಿನ್ಯಾಗ ಟರ್ಬೊ ಜೋರಾತು, ಪಿಸ್ಟನ್ ಹೋತು."

"ಮತ್ತ ಈ ಗೆರಿ ಯಾರು ಹಾಕಿದ್ರು?" ನಾನು ಕೇಳಿದೆ.

ಸುಮಲತಾ ಬ್ಯಾಟರಿ ತೋರಿಸಿದರು. ಅದರ ಮೇಲೆ ಮೂರು ಬೆರಳಿನ ವಿಭೂತಿ. ಏರ್ ಫಿಲ್ಟರಿನ ಮೇಲೂ ಅದೇ. ಪೊಲೀಸರೂ ನೋಡಿದ್ದರು, ನಾನೂ ನೋಡಿದ್ದೆ. ಅಮಾವಾಸ್ಯೆ ಪೂಜೆ ಮಾಡದ ಗಾಡಿ ಹುಬ್ಬಳ್ಳಿಯಲ್ಲಿ ಯಾವುದಿದೆ? ಹಾಗಾಗಿ ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಾಯಿ ತೆಗೆದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಅದು ನಾನು," ದಾಕ್ಷಾಯಿಣಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕಾರ್ ಇಲ್ಲಿಗೆ ತರೂಕಿಂತ ಮೊದ್ಲ, ಅಮಾಸಿ ದಿನ. ತಿರಗೂದಕ್ಕೆಲ್ಲಾ ಹಚ್ಚಿದೆ, ಅವರು ಸುಖರೂಪ ಬರ್ಲಿ ಅಂತ. ಪುಲ್ಲಿ ಮ್ಯಾಲೆ ಮೂರು ಬೆರಳು ಹಿಡೀಲಿಲ್ಲ. ಒಂದಽ ಬೆರಳಿಲೆ ಎಳದೆ."

"ವಿಭೂತಿ ಜಿಡ್ಡಿಗೆ ಹತ್ಕೊಂಡಿತ್ರಿ," ಸುಮಲತಾ ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. "ನಿಮ್ಮ ತಪ್ಪಲ್ಲ. ಒರಸಿ ನೋಡದಽ ಗೆರಿ ನಂಬಿದ್ದು ಫಕೀರೇಶನ ತಪ್ಪು. ಹಂಗಂತಽ ಬರೀತೇನಿ. ಆದ್ರ ಇದು ಕೊಲಿ ಅಲ್ಲ."

"ಖರೇ ಐತ್ರಿ," ಫಕೀರೇಶ ಅಂದ. "ನಾ ಒರಸಬೇಕಿತ್ತು."

ದಾಕ್ಷಾಯಿಣಿ ಸುಮಲತಾ ಅವರತ್ತ ತಿರುಗಿದರು.

"ಠಾಣೇಕ್ಕ ಹೋಗಂಗಿಲ್ಲ," ಅಂದರು. "ಇಷ್ಟು ದಿನ ಇವನ ಮ್ಯಾಲಿನ ಸಿಟ್ಟಿಲೆನಽ ಮುಂಜಾನೆದ್ದು ಮುಖಾ ತೊಳಕೊಂತಿದ್ದೆ, ಒಂದು ತುತ್ತು ತಿಂತಿದ್ದೆ. ನಾಳಿಂದ ಹೆಂಗ ಏಳ್ಲಿ, ಮೇಡಮ್ಮಾರ?"