ಸೇವಾಕ್‌ನ ನಲ್ಲಿ

"ಕೊಳವೆ ಹಾಳಾಗಿರ್ಬೇಕು. ಸೆಲೆ ಮಾತ್ರ ಅಪ್ಪಟ!" ಮುದುಕ ವರಾಜ್ದಾತ್ ಸಿಡುಕಿದ.

"ಗುಡ್ಡ ಹತ್ತಿ ಸೆಲೇನೇ ನೋಡೋಣ ಮಾವ. ಕೊಳವೆಯದಾದ್ರೆ ಬದಲಾಯ್ಸೋಣ. ಸೆಲೇನೇ ಕೆಟ್ಟಿದ್ರೆ ಮುಚ್ಲೇಬೇಕು," ಎಂದಳು ಸೊಸೆ ಸಿರುಷ್. ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳೇ ನಲ್ಲಿಯ ನೀರಿನಲ್ಲಿ ಆರ್ಸೆನಿಕ್ ಪತ್ತೆಹಚ್ಚಿದ್ದಳು.

ಅದು ಸತ್ತ ಮಗ ಸೇವಾಕ್‌ನ ನೆನಪಿಗೆ ಮುದುಕ ರಸ್ತೆಬದಿಯಲ್ಲಿ ಕಟ್ಟಿಸಿದ ಕಲ್ಲಿನ ನಲ್ಲಿ. ಆ ಸೀಮೆಯಲ್ಲಿ, ಸತ್ತವರ ನಲ್ಲಿಯಲ್ಲಿ ಒಂದು ಗುಟುಕಾದರೂ ಕುಡಿಯದೆ ಮುಂದೆ ಹೋದರೆ ಅವರಿಗೆ ಅವಮಾನ. ಹಾಗಾಗಿ ವಿಷವೆಂದು ತಿಳಿದ ಮೇಲೂ ಊರವರು ಕುಡಿಯುತ್ತಲೇ ಇದ್ದರು. ಹೊರಡುವಾಗ ಮುದುಕನೂ ಸೊಸೆಯನ್ನು ದುರುಗುಟ್ಟಿ ನೋಡುತ್ತ ಬಗ್ಗಿ ಕುಡಿದ.

"ನನ್ನ ಕುರಿಗಳೂ ಮರ್ಯಾದೆಗೇ ಕುಡಿದು ಸತ್ವು ಬಿಡು," ಎಂದ ಹಗ್ಗ, ಗುದ್ದಲಿ ಹೊತ್ತು ಜೊತೆಗೆ ಹೊರಟ ಕುರಿಗಾಹಿ ಶವಾರ್ಶ್.

ಕಮರಿಯ ಆಚೆ ದಂಡೆಯಲ್ಲಿ ಕಾಡು ಹಸಿರಾಗಿತ್ತು. ಈಚೆ, ತಾಮ್ರದ ಕಾರ್ಖಾನೆಯ ಹೊಗೆ ವರ್ಷಗಟ್ಟಲೆ ಬಡಿದ ಇಳಿಜಾರಿನಲ್ಲಿ, ಮುಳ್ಳುಕಂಟಿಯೂ ಬೆಳೆದಿರಲಿಲ್ಲ. ಕುಲುಮೆ ಆರಿ ಎಷ್ಟೋ ಕಾಲವಾಗಿತ್ತು. ಆದರೆ ಹೊಗೆಗೂಡಿನ ವಿಷದ ಧೂಳನ್ನೆಲ್ಲ ಮೇಲಿನ ಬಯಲಿನಲ್ಲಿ ಹೂತಿದ್ದರು. ಬೆಳಗಿನಿಂದ ಹತ್ತಿದ ಮೂವರೂ ಮಧ್ಯಾಹ್ನದ ಹೊತ್ತಿಗೆ ಸೆಲೆ ಮುಟ್ಟಿದರು.

ಹಿಮ ಕರಗಿ ಗುಡ್ಡದ ಅಂಚು ಕುಸಿದಿತ್ತು. ಹೂತ ಗುಂಡಿಯ ಹೊದಿಕೆ ಹರಿದು, ಬೂದುಬಣ್ಣದ ಕೆಸರು ನೇರವಾಗಿ ಸೆಲೆಯ ತೊಟ್ಟಿಗೆ ಇಳಿಯುತ್ತಿತ್ತು.

ಸಿರುಷ್ ನೀರು ಪರೀಕ್ಷಿಸುವ ಕಾಗದದ ಪಟ್ಟಿ ಹೊರತೆಗೆದಳು.

"ಬೇಡ ಮಗಳೇ, ಕಣ್ಣಿಗೇ ಕಾಣ್ತಿದೆ," ಎಂದ ಮುದುಕ.

ನಲ್ಲಿಗೆ ಹೋಗುವ ನೀರು ನಿಲ್ಲಿಸಲು ಅವನೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತೊಟ್ಟಿಯ ಬಳಿಗೆ ಇಳಿದ. ಕೊಳವೆಯ ತುಕ್ಕು ಹಿಡಿದ ತಿರುಪು ಅಲುಗಲಿಲ್ಲ. ಗುದ್ದಲಿಯ ಕಾವಿನಿಂದ ಹೊಡೆದ. ಮತ್ತೆ ಹೊಡೆದಾಗ ತಿರುಗತೊಡಗಿತು.

ಮೇಲೆ ಮಣ್ಣು ಸರಿಯಿತು.

"ಬಾ ಮಾವ, ಬಿಟ್ಟು ಬಾ!"

"ಇನ್ನೊಂದು ಸುತ್ತು!"

ತಿರುಪು ಪೂರ್ತಿ ಮುಚ್ಚಿಕೊಂಡಿತು. ಶವಾರ್ಶ್ ಜಗ್ಗಿದ. ಸಿರುಷ್ ಹಿಂದೆ ಬಿದ್ದೂ ಹಗ್ಗ ಬಿಡಲಿಲ್ಲ. ಮುದುಕ ಮೊಣಕಾಲು ತರಚಿಕೊಂಡು ಮೇಲೆ ಬಂದು ಬೀಳುತ್ತಲೇ ತೊಟ್ಟಿ ಮಣ್ಣಿನಡಿ ಹೂತುಹೋಯಿತು. ಮಗನನ್ನು ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತು ಅವನಿಗೆ.

ಸಂಜೆ ಕುಂಟುತ್ತ ಕೆಳಗಿಳಿದಾಗ ಒಬ್ಬ ಲಾರಿ ಚಾಲಕ ಒಣಗಿದ ನಲ್ಲಿಯ ಮುಂದೆ ಬಗ್ಗಿ ನಿಂತಿದ್ದ.

"ಸತ್ತವನ ನಲ್ಲಿ ನಿಲ್ಸಿದಾರಲ್ಲ, ಯಾವ ಪಾಪಿಗಳಪ್ಪ!"

"ನಾನೇ. ಅವನಪ್ಪ," ಎಂದ ವರಾಜ್ದಾತ್. ಶವಾರ್ಶ್‌ನ ಬಾಟಲಿಯಲ್ಲಿ ಊರಾಚೆಯ ಬಾವಿಯ ಒಳ್ಳೆಯ ನೀರು ಸ್ವಲ್ಪ ಉಳಿದಿತ್ತು. ಅದನ್ನು ಇಸಿದುಕೊಂಡು ಚಾಲಕನ ಕೈಗಿಟ್ಟ. "ಇದನ್ನ ಕುಡಿ. ಕುಡಿಯೋವಾಗ ಸೇವಾಕ್ ಅಂತ ಒಂದ್ಸಲ ಅನ್ನು."

ಚಾಲಕ ಟೋಪಿ ತೆಗೆದು, ಹೆಸರು ಹೇಳಿ, ಕುಡಿದ.

"ನಾಳೆ ಬಾವಿಯಿಂದ ಎರಡು ಕೊಡ ಹೊತ್ಕೊಂಡು ಬರ್ತೀನಿ," ಎಂದ ಮುದುಕ ಸೊಸೆಗೆ. "ಇಲ್ಲೇ ಕೂತು ದಾರೀಲಿ ಬಂದೋರಿಗೆ ಹಾಕ್ತೀನಿ."